ಟೇಪು, ಮೆಲೊಟ್ರಾನ್, ಬಾಲ್ಯದ ಬೀದಿ: ಬ್ರಿಟನ್ನಿನ ಸೈಕೆಡೆಲಿಕ್ ಪಾಪ್

(ಸಂಗೀತಾಸಕ್ತ ಗೆಳೆಯರ ಕೂಟವೊಂದರಲ್ಲಿ ಹಾಡುಗಳನ್ನು ಕೇಳಿಸುತ್ತಾ ಆಡಿದ ಮಾತುಗಳ ಬರಹ ರೂಪ. ಇಲ್ಲಿ ಹಾಡು ಕೇಳಿಸುವ ಹಾಗಿಲ್ಲ. ಅದಕ್ಕೇ ಯಾವ ಹಾಡಿನಲ್ಲಿ ಎಲ್ಲಿ ಕಿವಿ ಇಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ನಮಸ್ಕಾರ. ಇವತ್ತಿನದು ಸೈಕೆಡೆಲಿಕ್ ಪಾಪ್‌ನ, ಅಂದರೆ ಕನಸು, ಭ್ರಮೆಗಳ ಹಾಗೆ ಕೇಳುವ ಪಾಪ್ ಹಾಡುಗಳ ಕಥೆ. ಹೆಚ್ಚೆಂದರೆ ಎರಡೂಮುಕ್ಕಾಲು ವರ್ಷದ್ದು. 1966ರ ಏಪ್ರಿಲ್‌ನಿಂದ 1968ರ ಡಿಸೆಂಬರ್‌ವರೆಗೆ. ಜಾಗ ಬ್ರಿಟನ್, ಅದರಲ್ಲೂ ಜಾಸ್ತಿ ಲಂಡನ್.

1965ರಲ್ಲಿ ಒಂದು ಇಂಗ್ಲಿಷ್ ಪಾಪ್ ಹಾಡು ಅಂದರೆ ಏನಿರುತ್ತಿತ್ತು? ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ ಸೆಟ್. ಎರಡೂವರೆ ನಿಮಿಷ. ಹುಡುಗ, ಹುಡುಗಿ, ಪ್ರೀತಿ. ಎರಡೇ ವರ್ಷ ಬಿಟ್ಟು ಅದೇ ಅಂಗಡಿಗೆ ಹೋಗಿ ಒಂದು ರೆಕಾರ್ಡ್ ಕೊಂಡರೆ ಅದರಲ್ಲಿ ಉಲ್ಟಾ ಓಡುವ ಗಿಟಾರ್ ಇದೆ, ಸಿತಾರ್ ಇದೆ, ಚೆಲೊ ಇದೆ, ಮಕ್ಕಳ ಕೋರಸ್ ಇದೆ. ಹಾಡಿನ ವಿಷಯವೋ, ಒಣಹಾಕಿದ ಬಟ್ಟೆ ಕದಿಯುವವನು, ದಿನಸಿ ಅಂಗಡಿಯ ಮುದುಕ, ಒಂದು ಸೈಕಲ್ಲು, ಚಿಕ್ಕಂದಿನಲ್ಲಿ ಆಡಿದ ತೋಟ. ಇಷ್ಟು ಬೇಗ ಇಷ್ಟೊಂದು ಬದಲಾವಣೆ ಹೇಗಾಯಿತು?

ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಎಲ್‌ಎಸ್‌ಡಿ. ಅದರ ಪಾಲು ಇದ್ದದ್ದು ನಿಜ. ಆ ಮಾದಕವಸ್ತು ಬ್ರಿಟನ್ನಿನಲ್ಲಿ 1966ರ ಸೆಪ್ಟೆಂಬರ್‌ವರೆಗೆ ಕಾನೂನುಬಾಹಿರವೇ ಆಗಿರಲಿಲ್ಲ. ಈ ಹಾಡು ಬರೆದವರಲ್ಲಿ ಹಲವರು ಅದನ್ನು ತೆಗೆದುಕೊಂಡಿದ್ದರು. ಆದರೆ ಮಾದಕವಸ್ತು ಯಾರಿಗೂ ಹಾಡು ಕಟ್ಟಿಕೊಡುವುದಿಲ್ಲ. ನಾನು ಎಷ್ಟೋ ವರ್ಷದಿಂದ ಈ ರೆಕಾರ್ಡುಗಳನ್ನು ಕೇಳುತ್ತಾ ಬಂದಿದ್ದೇನೆ. ಕೇಳಿದಷ್ಟೂ ನನಗೆ ಎರಡು ವಿಷಯ ಗಟ್ಟಿಯಾಗುತ್ತಾ ಹೋಗಿವೆ. ಒಂದು, ಈ ಸಂಗೀತದ ನಿಜವಾದ ವಾದ್ಯ ರೆಕಾರ್ಡಿಂಗ್ ಟೇಪು. ಇನ್ನೊಂದು, ಹೊಸ ಲೋಕ ಹುಡುಕಿಕೊಂಡು ಹೊರಟ ಈ ಹುಡುಗರು ಬಂದು ಮುಟ್ಟಿದ್ದು ತಮ್ಮದೇ ಬಾಲ್ಯದ ಬೀದಿಗೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಡುಗಳು ಅದೇ ಹೊತ್ತಿನಲ್ಲಿ ವೇದಿಕೆಯ ಮೇಲೆ ಉದ್ದುದ್ದ ನುಡಿಸುತ್ತಿದ್ದವು. ಬ್ರಿಟನ್ನಿನವರು ಸ್ಟುಡಿಯೊದಲ್ಲಿ ಕೂತು ಮೂರು ನಿಮಿಷದ ಹಾಡನ್ನು ಕುಸುರಿ ಕೆಲಸದ ಹಾಗೆ ಕೂರಿಸುತ್ತಿದ್ದರು.

ಮೊದಲು ಟೇಪಿನ ಕಥೆಗೆ ಬರೋಣ.

1966ರ ಏಪ್ರಿಲ್ 6. ಲಂಡನ್ನಿನ ಆಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೊ. ಅದು ಒಂದು ಸರ್ಕಾರಿ ಕಚೇರಿಯಷ್ಟು ಶಿಸ್ತಿನ ಜಾಗ. ತಾಂತ್ರಿಕ ಸಿಬ್ಬಂದಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಡ್ರಮ್ಮಿನಿಂದ ಮೈಕ್ ಎಷ್ಟು ದೂರ ಇರಬೇಕು ಅನ್ನುವುದಕ್ಕೂ ನಿಯಮ ಇತ್ತು. ಅವತ್ತು ಬೀಟಲ್ಸ್ ತಮ್ಮ ‘ರಿವಾಲ್ವರ್’ ಆಲ್ಬಮ್ಮಿನ ಕೆಲಸ ಶುರು ಮಾಡಿದರು. ಮೊದಲು ಕೈಗೆತ್ತಿಕೊಂಡ ಹಾಡು ‘ಟುಮಾರೊ ನೆವರ್ ನೋಸ್’. ಎಂಜಿನಿಯರ್ ಕುರ್ಚಿಯಲ್ಲಿ ಜೆಫ್ ಎಮೆರಿಕ್ ಎಂಬ ಹುಡುಗ ಕೂತಿದ್ದ. ವಯಸ್ಸು 20.

ಹಾಡು ಪೂರ್ತಿ ಹೆಚ್ಚುಕಮ್ಮಿ ಒಂದೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೇಲೆ ನಿಂತಿದೆ. ಕೆಳಗೆ ತಂಬೂರಿ ಮೀಟುತ್ತಿರುತ್ತದೆ. ನಮ್ಮ ಕಿವಿಗೆ ಇದು ಹೊಸದಲ್ಲ, ಶ್ರುತಿ ಹಿಡಿದು ಹಾಡುವುದನ್ನೇ ಕೇಳುತ್ತಾ ಬೆಳೆದವರು ನಾವು. ಆದರೆ ಆಗಿನ ಪಾಪ್ ಹಾಡಿಗೆ ಅದು ದೊಡ್ಡ ಪಲ್ಲಟ. ಜಾನ್ ಲೆನನ್‌ಗೆ ತನ್ನ ದನಿ ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಹೇಳಿದ ಹಾಗೆ ಕೇಳಬೇಕಿತ್ತು. ಎಮೆರಿಕ್ ಏನು ಮಾಡಿದ ಅಂದರೆ, ಹ್ಯಾಮಂಡ್ ಆರ್ಗನ್ನಿನ ಜತೆಗೆ ಬರುವ ಲೆಸ್ಲಿ ಸ್ಪೀಕರ್ ಇತ್ತಲ್ಲ, ಒಳಗೆ ತಿರುಗುತ್ತಾ ಶಬ್ದ ಹೊರಹಾಕುವ ಪೆಟ್ಟಿಗೆ, ಅದರ ಮೂಲಕ ಲೆನನ್ ದನಿಯನ್ನು ಹಾಯಿಸಿದ. ರಿಂಗೊ ಸ್ಟಾರ್‌ನ ದೊಡ್ಡ ಡ್ರಮ್ಮಿನೊಳಗೆ ಒಂದು ಉಣ್ಣೆ ಸ್ವೆಟರ್ ತುರುಕಿ, ನಿಯಮ ಮೀರಿ ಮೈಕನ್ನು ಹತ್ತಿರ ತಂದು ಇಟ್ಟ. ಆ ಡ್ರಮ್ಮಿನ ಏಟು ಇವತ್ತು ಕೇಳಿದರೂ ಹಳೆಯದು ಅನ್ನಿಸುವುದಿಲ್ಲ.

ಮರುದಿನ ಇನ್ನೊಂದು ಕೆಲಸ. ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಟೇಪಿನ ಚಿಕ್ಕ ಚಿಕ್ಕ ತುಂಡುಗಳ ಎರಡು ತುದಿ ಅಂಟಿಸಿ, ಸುತ್ತುತ್ತಲೇ ಇರುವ ಲೂಪ್‌ಗಳನ್ನು ಮಾಡಿದ್ದ. ಅವನ್ನು ಒಟ್ಟಿಗೆ ನುಡಿಸಬೇಕಿತ್ತು. ಒಂದು ಕೋಣೆಯಲ್ಲಿ ಅಷ್ಟು ಯಂತ್ರ ಇರಲಿಲ್ಲ. ಹಾಗಾಗಿ ಕಟ್ಟಡದ ಬೇರೆ ಬೇರೆ ಕೋಣೆಗಳ ಟೇಪ್ ಯಂತ್ರಗಳನ್ನು ತಂತಿ ಎಳೆದು ಜೋಡಿಸಿದರು. ಬಿಳಿ ಕೋಟಿನವರು ಪೆನ್ಸಿಲ್ಲಿಗೆ ಲೂಪು ಸಿಕ್ಕಿಸಿಕೊಂಡು, ಬಿಗಿ ತಪ್ಪದ ಹಾಗೆ ಹಿಡಿದು ನಿಂತರು. ಮಿಕ್ಸಿಂಗ್ ಮೇಜಿನಲ್ಲಿ ಯಾವ ಲೂಪು ಯಾವಾಗ ಮೇಲೆ ಬರಬೇಕು ಅನ್ನುವುದನ್ನು ಕೈಯಲ್ಲೇ ಏರಿಸಿ ಇಳಿಸಿ ಮಾಡಿದರು. ಹಾಡಿನಲ್ಲಿ ಕಡಲ ಹಕ್ಕಿಗಳು ಕಿರುಚಿದ ಹಾಗೆ ಕೇಳುತ್ತದಲ್ಲ, ಅದು ಮನುಷ್ಯನ ನಗು. ವೇಗ ಹೆಚ್ಚಿಸಿದ ಟೇಪಿನ ಕೆಲಸ.

ಅದೇ ತಿಂಗಳು ‘ರೇನ್’ ಅನ್ನುವ ಹಾಡೂ ಆಯಿತು. ವಾದ್ಯಗಳನ್ನು ಜೋರು ವೇಗದಲ್ಲಿ ನುಡಿಸಿ, ಆಮೇಲೆ ಟೇಪನ್ನು ನಿಧಾನ ಓಡಿಸಿದರು. ಅದರಿಂದ ಡ್ರಮ್ಮಿಗೂ ಗಿಟಾರಿಗೂ ಒಂದು ಭಾರ ಬಂತು. ಕೊನೆಯಲ್ಲಿ ಲೆನನ್ ದನಿ ಹಿಂದುಮುಂದಾಗಿ ಕೇಳುತ್ತದೆ. ಅದನ್ನು 1966ರ ಜೂನ್‌ನಲ್ಲಿ ಇನ್ನೊಂದು ಹಾಡಿನ ಬೆನ್ನಿಗೆ, ಬಿ-ಸೈಡ್ ಆಗಿ ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿದರು. ನನ್ನ ಕೇಳಿದರೆ ಬ್ರಿಟಿಷ್ ಸೈಕೆಡೆಲಿಕ್ ಪಾಪ್‌ನ ಮೊದಲ ಪೂರ್ಣ ಪಾಠ ಅಲ್ಲೇ ಇದೆ, ಆ ಬಿ-ಸೈಡಿನಲ್ಲಿ.

ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಬೀಟಲ್ಸ್ ಟಿಕೆಟ್ ಇಟ್ಟು ನಡೆಸಿದ ತಮ್ಮ ಕೊನೆಯ ಸಂಗೀತ ಕಛೇರಿ ಮುಗಿಸಿದರು. ಇನ್ನು ಪ್ರವಾಸ ಬೇಡ ಅಂದುಬಿಟ್ಟರು. ಈ ತೀರ್ಮಾನ ನಮ್ಮ ಕಥೆಗೆ ತುಂಬ ಮುಖ್ಯ. ವೇದಿಕೆಯಲ್ಲಿ ನುಡಿಸಬೇಕು ಅನ್ನುವ ಹಂಗೇ ಇಲ್ಲದ ಮೇಲೆ ಸ್ಟುಡಿಯೊದಲ್ಲಿ ಏನು ಬೇಕಾದರೂ ಮಾಡಬಹುದು, ಅಲ್ವಾ?

ಮಾಡಿದರು ಕೂಡ. ನವೆಂಬರ್ 24ರಂದು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಶುರುವಾಯಿತು. ಸ್ಟ್ರಾಬೆರಿ ಫೀಲ್ಡ್ ಅನ್ನುವುದು ಲಿವರ್‌ಪೂಲ್‌ನಲ್ಲಿ ಸಾಲ್ವೇಶನ್ ಆರ್ಮಿಯವರು ನಡೆಸುತ್ತಿದ್ದ ಅನಾಥಾಲಯ. ಲೆನನ್ ಬೆಳೆದ ಮನೆಗೆ ಹತ್ತಿರ. ಚಿಕ್ಕವನಿದ್ದಾಗ ಅದರ ತೋಟಕ್ಕೆ ನುಗ್ಗಿ ಆಡುತ್ತಿದ್ದ. ಹಾಡಿನ ಮೊದಲಿಗೆ ಕೊಳಲಿನ ಹಾಗೆ ಕೇಳುವ ದನಿಯನ್ನು ಗಮನಿಸಿ. ಅದು ಮೆಲೊಟ್ರಾನ್. ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಕಂಪನಿ ಮಾಡುತ್ತಿದ್ದ ಕೀಬೋರ್ಡ್. ಅದರ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಕೊಳಲು, ಪಿಟೀಲು ಇವನ್ನು ನಿಜವಾಗಿ ನುಡಿಸಿ ಅದರ ಮೇಲೆ ಮುದ್ರಿಸಿರುತ್ತಾರೆ. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡು. ಆಮೇಲೆ ಟೇಪು ಮುಗಿದುಹೋಗುತ್ತದೆ, ಬೆರಳು ಎತ್ತಲೇಬೇಕು. ಹಾಗಾಗಿ ಮೆಲೊಟ್ರಾನ್ ನುಡಿಸುವವರು ಯಾವ ಸ್ವರದ ಮೇಲೂ ತುಂಬ ಹೊತ್ತು ನಿಲ್ಲುವಂತಿಲ್ಲ. ಟೇಪು ಸ್ವಲ್ಪ ಅಲುಗುವುದರಿಂದ ಸ್ವರವೂ ಸ್ವಲ್ಪ ನಡುಗುತ್ತದೆ. ಆ ನಡುಕವೇ ಆ ಎರಡು ವರ್ಷದ ದನಿಯ ಗುರುತಾಯಿತು.

ಈಗ ಇದೇ ಹಾಡಿನ ಹೊಲಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲೆನನ್ ಕೈಯಲ್ಲಿ ಎರಡು ರೂಪ ಇದ್ದವು. ಒಂದು ಟೇಕ್ 7, ಅಂದರೆ ಏಳನೇ ಸಲದ ಮುದ್ರಣ, ಬ್ಯಾಂಡಿನವರೇ ನುಡಿಸಿದ್ದು, ಮೆದು. ಇನ್ನೊಂದು ಟೇಕ್ 26, ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದುಕೊಟ್ಟ ಟ್ರಂಪೆಟ್, ಚೆಲೊ ಸೇರಿದ್ದು, ಭಾರಿ. ಒಂದರ ಮೊದಲ ಭಾಗ ಇಷ್ಟ, ಇನ್ನೊಂದರ ಕೊನೆಯ ಭಾಗ ಇಷ್ಟ, ಎರಡನ್ನೂ ಜೋಡಿಸಿ ಅಂದ. ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ. ಟೇಪಿನ ಕಾಲದಲ್ಲಿ ಶ್ರುತಿ ಮತ್ತು ವೇಗವನ್ನು ಬೇರೆ ಬೇರೆ ಬದಲಿಸಲು ಆಗುತ್ತಿರಲಿಲ್ಲ. ಟೇಪು ನಿಧಾನ ಓಡಿದರೆ ಶ್ರುತಿಯೂ ಇಳಿಯುತ್ತದೆ, ಜೋರು ಓಡಿದರೆ ಏರುತ್ತದೆ. ಪುಣ್ಯಕ್ಕೆ ಇಲ್ಲಿ ವೇಗ ಜಾಸ್ತಿ ಇದ್ದ ಟೇಕೇ ಶ್ರುತಿಯಲ್ಲೂ ಮೇಲಿತ್ತು. ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಎಮೆರಿಕ್ ಒಂದನ್ನು ಸ್ವಲ್ಪ ಏರಿಸಿ, ಇನ್ನೊಂದನ್ನು ಇಳಿಸಿ, ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದರು. ಹಾಡಿನ ಒಂದನೇ ನಿಮಿಷಕ್ಕೆ ಕಿವಿ ಇಡಿ. ಅಲ್ಲಿ ಬಣ್ಣ ದಟ್ಟವಾಗುತ್ತದೆ, ಲೆನನ್ ದನಿಗೆ ಒಂದು ಮಂಪರು ಬರುತ್ತದೆ. ಅದೇ ಕೀಲು. ಆ ಮಂಪರು ಬಂದದ್ದು ಇಳಿಸಿದ ಟೇಪಿನಿಂದ. ಮುಂದೆ ಚರಣಗಳ ನಡುವೆ ಝಲ್ಲೆಂದು ಹರಿಯುವ ತಂತಿಗಳ ದನಿ ಸ್ವರಮಂಡಲದ್ದು, ನುಡಿಸಿದ್ದು ಜಾರ್ಜ್ ಹ್ಯಾರಿಸನ್.

ಇದರ ಇನ್ನೊಂದು ಮಗ್ಗುಲಲ್ಲಿ ಮೆಕಾರ್ಟ್ನಿಯ ‘ಪೆನಿ ಲೇನ್’. ಅದೂ ಲಿವರ್‌ಪೂಲ್‌ನ ಒಂದು ರಸ್ತೆ. ಕ್ಷೌರದ ಅಂಗಡಿ, ಬ್ಯಾಂಕಿನವನು, ಅಗ್ನಿಶಾಮಕದವನು. 1967ರ ಫೆಬ್ರವರಿ 17ರಂದು ಎರಡೂ ಒಂದೇ ರೆಕಾರ್ಡಿನಲ್ಲಿ ಬಂದವು. ಪಾಪ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಏಳು ಇಂಚಿನ ರೆಕಾರ್ಡು ನನಗೆ ಗೊತ್ತಿಲ್ಲ. ಆದರೂ ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಅದು ಎರಡನೇ ಸ್ಥಾನದಲ್ಲೇ ನಿಂತಿತು. ಮೊದಲ ಸ್ಥಾನ ಬಿಟ್ಟುಕೊಡದೆ ಕೂತಿದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’. ಆತ ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, 1936ರಲ್ಲಿ.

ಭಾರತದ ಮಾತು ಬಂದಿದ್ದರಿಂದ ಇಲ್ಲೇ ಸ್ವಲ್ಪ ನಿಲ್ಲುತ್ತೇನೆ. ಈ ಸಂಗೀತಕ್ಕೆ ಭಾರತದ ದನಿ ಹೇಗೆ ಬಂತು ಅನ್ನುವುದರಲ್ಲಿ ನಮ್ಮ ಕಡೆಯವರೊಬ್ಬರ ಕೈ ಇದೆ, ಆದರೆ ನಮ್ಮಲ್ಲೇ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಮೊದಲ ಎಳೆ ದಿ ಕಿಂಕ್ಸ್ ಬ್ಯಾಂಡಿನದು. 1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಬಾಂಬೆಯಲ್ಲಿ ತಂಗಿದ್ದಾಗ, ಬೆಳಗಿನ ಜಾವ ಕೆಲಸಕ್ಕೆ ಹೊರಟ ಬೆಸ್ತರು ಹಾಡಿಕೊಂಡು ಹೋಗುವುದು ರೇ ಡೇವಿಸ್ ಕಿವಿಗೆ ಬಿತ್ತು. ಅದರಿಂದ ಹುಟ್ಟಿದ್ದು ಆ ವರ್ಷ ಜುಲೈನಲ್ಲಿ ಬಂದ ‘ಸೀ ಮೈ ಫ್ರೆಂಡ್ಸ್’. ಗಿಟಾರಿನಲ್ಲೇ ಶ್ರುತಿ ಹಿಡಿದ ಹಾಡು ಅದು.

ಎರಡನೇ ಎಳೆ ಅಯನ ಅಂಗಡಿಯವರದು. ಹೆಸರು ಕೇಳಿದರೇ ಗೊತ್ತಾಗುತ್ತದೆ ಯಾವ ಕಡೆಯವರು ಅಂತ. 1903ರಲ್ಲಿ ಕನ್ನಡ ನಾಡಿನ ಜಕನೂರಿನಲ್ಲಿ ಹುಟ್ಟಿದವರು. 1920ರ ದಶಕದಲ್ಲೇ ಇಂಗ್ಲೆಂಡಿಗೆ ಹೋದರು, ಎಡಪಂಥದ ರಾಜಕೀಯದಲ್ಲಿ ತೊಡಗಿದ್ದರು, ಬರೆಯುತ್ತಿದ್ದರು. 1946ರಲ್ಲಿ ಹೆಂಡತಿ ಪೆಟ್ರೀಷಿಯಾ ಜತೆ ಸೇರಿ ಲಂಡನ್ನಿನಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಕಟ್ಟಿದರು. ಪಿಟೀಲಿನ ದಿಗ್ಗಜ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾದರು. ಬ್ರಿಟನ್ನಿನ ಜನ ಭಾರತದ ಶಾಸ್ತ್ರೀಯ ಸಂಗೀತವನ್ನು ಎದುರು ಕೂತು ಕೇಳುವಂತಾಗಿದ್ದರಲ್ಲಿ ಈ ಸಂಸ್ಥೆಯ ಪಾತ್ರ ದೊಡ್ಡದು.

1965ರ ಅಕ್ಟೋಬರ್‌ನಲ್ಲಿ ‘ನಾರ್ವೇಜಿಯನ್ ವುಡ್’ ಹಾಡಿಗೆ ಹ್ಯಾರಿಸನ್ ಸಿತಾರ್ ನುಡಿಸುವಾಗ ತಂತಿ ಹರಿಯಿತು. ಬೇರೆ ತಂತಿಗೆ ಎಲ್ಲಿಗೆ ಹೋಗಬೇಕು? ಅಂಗಡಿಯವರ ಸಂಸ್ಥೆಗೆ ಫೋನ್ ಹೋಯಿತು, ತಂತಿ ಸಿಕ್ಕಿತು, ನಂಟು ಬೆಳೆಯಿತು. 1966ರ ಜೂನ್‌ನಲ್ಲಿ ಹ್ಯಾರಿಸನ್ ರವಿಶಂಕರರನ್ನು ಮೊದಲ ಸಲ ಭೇಟಿಯಾಗಿದ್ದು ಉತ್ತರ ಲಂಡನ್ನಿನ ಫಿಂಚ್ಲಿಯಲ್ಲಿದ್ದ ಅಂಗಡಿಯವರ ಮನೆಯಲ್ಲೇ. ‘ರಿವಾಲ್ವರ್’ನ ‘ಲವ್ ಯು ಟು’ ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಬಂದದ್ದು ಈ ಸಂಸ್ಥೆಯ ಮೂಲಕ. ‘ವಿದಿನ್ ಯು ವಿದೌಟ್ ಯು’ ಹಾಡಿಗೆ ದಿಲ್‌ರುಬಾ, ತಬಲಾ, ತಂಬೂರಿ ನುಡಿಸಿದವರನ್ನು ಕೊಟ್ಟದ್ದೂ ಇದೇ ಸಂಸ್ಥೆ. ಆ ಹಾಡಿನಲ್ಲಿ ಜಾರ್ಜ್ ಮಾರ್ಟಿನ್ ಪಾಶ್ಚಾತ್ಯ ಪಿಟೀಲುಗಾರರಿಂದ ದಿಲ್‌ರುಬಾದ ಜಾರು ಸ್ವರಗಳನ್ನು ಹಿಡಿಸಲು ಪಟ್ಟ ಶ್ರಮ ಕೇಳಿದರೇ ಗೊತ್ತಾಗುತ್ತದೆ. ಆ ಹಾಡಿಗೆ ನುಡಿಸಿದ ನಮ್ಮವರ ಹೆಸರು ಮಾತ್ರ ಆಗಿನ ರೆಕಾರ್ಡಿನ ರಕ್ಷಾಕವಚದ (ಹೊರಕವರಿನ) ಮೇಲೆ ಅಚ್ಚಾಗಲಿಲ್ಲ. ಈ ಹಾಡಿನ ಬಗ್ಗೆ ಎಲ್ಲಿ ಮಾತಾಡಿದರೂ ಅಂಗಡಿ ದಂಪತಿಯ ಹೆಸರು ಹೇಳಬೇಕು ಅನ್ನುವುದು ನನ್ನ ಆಸೆ.

ಸಿತಾರ್ ಬೇಗ ಒಂದು ಫ್ಯಾಷನ್ ಆಗಿಬಿಟ್ಟಿತು. ಟ್ರಾಫಿಕ್ ಬ್ಯಾಂಡಿನ ‘ಪೇಪರ್ ಸನ್’ನಂಥ ಒಳ್ಳೆಯ ಹಾಡೂ ಬಂತು. ಸುಮ್ನೆ ಬಣ್ಣಕ್ಕೆ ಅಂತ ಎರಡು ಸಲ ಮೀಟಿ ಬಿಟ್ಟವರೇ ಜಾಸ್ತಿ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ.

ಈಗ ಸ್ಟುಡಿಯೊದಿಂದ ಹೊರಗೆ ಬರೋಣ. 1966ರ ಡಿಸೆಂಬರ್ 23ರಂದು ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಒಂದು ನೆಲಮಾಳಿಗೆಯಲ್ಲಿ ಯುಎಫ್ಒ ಕ್ಲಬ್ ಶುರುವಾಯಿತು. ಜೋ ಬಾಯ್ಡ್ ಮತ್ತು ಜಾನ್ ಹಾಪ್ಕಿನ್ಸ್ ಅದರ ರೂವಾರಿಗಳು. ಮಿಕ್ಕ ದಿನ ಅದು ಐರಿಷ್ ಜನರ ನೃತ್ಯದ ಹಾಲ್. ಇವರು ಇಡೀ ರಾತ್ರಿ ನಡೆಸುತ್ತಿದ್ದರು. ಗಾಜಿನ ಸ್ಲೈಡುಗಳ ನಡುವೆ ಬಣ್ಣದ ದ್ರವ ಹಾಕಿ, ದೀಪದ ಶಾಖಕ್ಕೆ ಅದು ಕದಲುವುದನ್ನು ಬ್ಯಾಂಡಿನ ಮೇಲೆ ಬಿಡುತ್ತಿದ್ದರು. ಅಲ್ಲಿನ ಮನೆಮಗನಂತಿದ್ದ ಬ್ಯಾಂಡು ಪಿಂಕ್ ಫ್ಲಾಯ್ಡ್. ಅದರ ಮೂವರು ವಾಸ್ತುಶಿಲ್ಪ ಓದಲು ಬಂದವರು. ಹಾಡು ಬರೆಯುತ್ತಿದ್ದ ಸಿಡ್ ಬ್ಯಾರೆಟ್ ಕೇಂಬ್ರಿಡ್ಜಿನ ಹುಡುಗ, ಚಿತ್ರಕಲೆಯ ವಿದ್ಯಾರ್ಥಿ.

ಇದೊಂದು ಗಮನಿಸಬೇಕಾದ ಸಂಗತಿ. ಲೆನನ್, ರೇ ಡೇವಿಸ್, ಬ್ಯಾರೆಟ್, ಮೂವರೂ ಆರ್ಟ್ ಸ್ಕೂಲಿಗೆ ಹೋದವರು. ಇವರು ಯುದ್ಧದ ಕಾಲದಲ್ಲಿ, ಇಲ್ಲವೇ ಮುಗಿದ ಹೊಸತರಲ್ಲಿ ಹುಟ್ಟಿದವರು. 1954ರವರೆಗೂ ಬ್ರಿಟನ್ನಿನಲ್ಲಿ ಪಡಿತರ ಇತ್ತು. 1960ರಲ್ಲಿ ಕಡ್ಡಾಯ ಸೈನಿಕ ಸೇವೆಗೆ ಕರೆಯುವುದು ನಿಂತಿತು. ಇವರ ಅಣ್ಣಂದಿರು ಬಂದೂಕು ಹಿಡಿದ ವಯಸ್ಸಿಗೆ ಇವರಿಗೆ ಗಿಟಾರ್, ಕುಂಚ ಹಿಡಿಯಲು ಬಿಡುವು ಸಿಕ್ಕಿತು. ಪೋರ್ಟೊಬೆಲೊ ರಸ್ತೆಯಲ್ಲಿ ವಿಕ್ಟೋರಿಯಾ ಕಾಲದ ಹಳೆಯ ಸೈನಿಕ ಕೋಟುಗಳನ್ನು ಕೊಂಡು ಹಾಕಿಕೊಂಡು ತಿರುಗಿದರು. ಅಜ್ಜನ ಕಾಲದ ಸರ್ಕಸ್ಸು, ಸಂಗೀತ ಸಭೆ, ಮಕ್ಕಳ ಕಥೆ ಇವೆಲ್ಲ ಅವರಿಗೆ ಸಾಮಗ್ರಿಯಾದವು. ಲೆನನ್ ಒಂದು ಹಾಡಿನ ಹೆಚ್ಚುಕಮ್ಮಿ ಎಲ್ಲ ಸಾಲನ್ನೂ 1843ರ ಒಂದು ಸರ್ಕಸ್ ಪೋಸ್ಟರಿನಿಂದ ತೆಗೆದ. ಕೆಂಟ್‌ನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದ ಪೋಸ್ಟರ್ ಅದು.

ಬ್ಯಾರೆಟ್ ಬಾಲ್ಯದೊಳಗೆ ಎಲ್ಲರಿಗಿಂತ ಆಳಕ್ಕೆ ಇಳಿದವನು. ಅವನ ಮೊದಲ ಸಿಂಗಲ್ ‘ಆರ್ನಾಲ್ಡ್ ಲೇನ್’, 1967ರ ಮಾರ್ಚ್. ಕೇಂಬ್ರಿಡ್ಜಿನಲ್ಲಿ ಬ್ಯಾರೆಟ್ ಮನೆಯಲ್ಲೂ ಅದೇ ಬ್ಯಾಂಡಿನ ರೋಜರ್ ವಾಟರ್ಸ್ ಮನೆಯಲ್ಲೂ ಕಾಲೇಜು ಹುಡುಗಿಯರು ಬಾಡಿಗೆಗೆ ಇದ್ದರು. ಅವರು ಒಣಹಾಕಿದ ಬಟ್ಟೆಯನ್ನು ಯಾರೋ ಕದಿಯುತ್ತಿದ್ದರು. ಅದೇ ಹಾಡಾಯಿತು. ರೇಡಿಯೊ ಲಂಡನ್‌ನವರು ಹಾಕುವುದಿಲ್ಲ ಅಂದರು. ಆದರೂ 20ನೇ ಸ್ಥಾನದವರೆಗೆ ಹೋಯಿತು. ಜೂನ್‌ನ ‘ಸೀ ಎಮಿಲಿ ಪ್ಲೇ’ 6ನೇ ಸ್ಥಾನಕ್ಕೆ. ಆಗಸ್ಟಿನಲ್ಲಿ ಮೊದಲ ಆಲ್ಬಮ್ ಬಂತು. ಅದರ ಹೆಸರು ಕೆನೆತ್ ಗ್ರಹಾಮ್ ಬರೆದ 1908ರ ಮಕ್ಕಳ ಕಾದಂಬರಿಯ ಏಳನೇ ಅಧ್ಯಾಯದ್ದು: ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’. ಅದೂ ಆಬಿ ರೋಡ್‌ನಲ್ಲೇ ಆದ ಕೆಲಸ. ನಿರ್ಮಾಪಕ ನಾರ್ಮನ್ ಸ್ಮಿತ್ ಅದಕ್ಕೆ ಮೊದಲು ಬೀಟಲ್ಸ್‌ನ ಎಂಜಿನಿಯರ್ ಆಗಿದ್ದವರು. ಪಕ್ಕದ ಕೋಣೆಯಲ್ಲಿ ಆಗ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನ ಕೆಲಸ ನಡೆಯುತ್ತಿತ್ತು. ಒಂದು ದಿನ ಫ್ಲಾಯ್ಡ್ ಹುಡುಗರನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದೂ ಉಂಟು.

ಬ್ಯಾರೆಟ್‌ನ ಹಾಡುಗಳಲ್ಲಿ ಸಾಲುಗಳು ಲೆಕ್ಕಕ್ಕೆ ಕೂರುವುದಿಲ್ಲ. ತಾಳ ಒಂದು ಸಾಲಿನಲ್ಲಿ ಉದ್ದವಾಗುತ್ತದೆ, ಇನ್ನೊಂದರಲ್ಲಿ ಮೊಟಕಾಗುತ್ತದೆ. ಮಕ್ಕಳು ಮಾತಾಡುವಾಗ ನಡುನಡುವೆ ಬೇರೇನೋ ನೆನಪಾಗಿ ದಾರಿ ಬದಲಿಸುತ್ತಾರಲ್ಲ, ಹಾಗೆ. ‘ಬೈಕ್’ ಹಾಡು ಕೇಳಿ. ಹುಡುಗ ಹುಡುಗಿಗೆ ತನ್ನ ಸೈಕಲ್ಲು ತೋರಿಸುತ್ತಾನೆ, ಕೋಟು ತೋರಿಸುತ್ತಾನೆ, ಇಲಿ ತೋರಿಸುತ್ತಾನೆ. ಕೊನೆಗೆ ಒಂದು ಕೋಣೆಯ ಬಾಗಿಲು ತೆಗೆಯುತ್ತಾನೆ. ಒಳಗಿನಿಂದ ಗಡಿಯಾರ, ಗಂಟೆ, ಯಂತ್ರಗಳ ಸದ್ದು ನುಗ್ಗಿ ಬರುತ್ತದೆ. ಆಟ ಮತ್ತು ಭಯ ಎಷ್ಟು ಹತ್ತಿರ ಅನ್ನುವುದು ಆ ಹಾಡಿನಲ್ಲಿ ಗೊತ್ತಾಗುತ್ತದೆ.

1967ರ ಕೊನೆಯ ಹೊತ್ತಿಗೆ ಬ್ಯಾರೆಟ್ ಮನಸ್ಸು ಕೆಟ್ಟಿತ್ತು. ಎಲ್‌ಎಸ್‌ಡಿಯ ಅತಿ ಬಳಕೆಯೂ ಸೇರಿತ್ತು. ವೇದಿಕೆಯಲ್ಲಿ ಗಿಟಾರ್ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದ. 1968ರ ಜನವರಿಯಲ್ಲಿ ಡೇವಿಡ್ ಗಿಲ್ಮೋರ್ ಬಂದು ಸೇರಿದ, ಏಪ್ರಿಲ್‌ನಲ್ಲಿ ಬ್ಯಾರೆಟ್ ಹೊರಬಿದ್ದದ್ದು ಪ್ರಕಟವಾಯಿತು. ಆಗ ಅವನಿಗೆ 22 ವರ್ಷ. ಆಮೇಲೆ ಕೇಂಬ್ರಿಡ್ಜಿಗೆ ಮರಳಿ, ಚಿತ್ರ ಬರೆದುಕೊಂಡು ಸದ್ದಿಲ್ಲದೆ ಬದುಕಿ 2006ರಲ್ಲಿ ತೀರಿಕೊಂಡ. ಅವನ ಕಾಯಿಲೆಯನ್ನು ಕೆಲವರು ದಂತಕಥೆ ಮಾಡಿ ಹಾಡಿ ಹೊಗಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಾಡುಗಳು ಬಂದದ್ದು ಅವನು ಚೆನ್ನಾಗಿದ್ದ ತಿಂಗಳುಗಳಲ್ಲಿ. ಕಾಯಿಲೆ ಅವನ ಕೈಯಿಂದ ಹಾಡನ್ನು ಕಿತ್ತುಕೊಂಡಿತು.

1967ರ ಬೇಸಿಗೆ ತುಂಬ ದಟ್ಟ. ಮೇ ತಿಂಗಳಲ್ಲಿ ಪ್ರೋಕಲ್ ಹರಮ್‌ನ ‘ಎ ವೈಟರ್ ಶೇಡ್ ಆಫ್ ಪೇಲ್’, ಬಾಖ್‌ನ ನೆರಳಿರುವ ಆರ್ಗನ್, ಆರು ವಾರ ಮೊದಲ ಸ್ಥಾನ. ಟುಮಾರೊ ಬ್ಯಾಂಡಿನ ‘ಮೈ ವೈಟ್ ಬೈಸಿಕಲ್’, ಆಮ್‌ಸ್ಟರ್‌ಡ್ಯಾಮಿನ ಪ್ರೊವೊ ಚಳವಳಿಯವರು ಎಲ್ಲರೂ ಬಳಸಲಿ ಅಂತ ಬೀದಿಯಲ್ಲಿ ಬಿಟ್ಟ ಬಿಳಿ ಸೈಕಲ್ಲುಗಳ ಬಗ್ಗೆ. ಅದೇ ಬ್ಯಾಂಡಿನ ಗಾಯಕ ಕೀತ್ ವೆಸ್ಟ್ ಹಾಡಿದ ‘ಎಕ್ಸರ್ಪ್ಟ್ ಫ್ರಮ್ ಎ ಟೀನೇಜ್ ಆಪೆರಾ’ದಲ್ಲಿ 82 ವರ್ಷದ ದಿನಸಿ ವ್ಯಾಪಾರಿ ಜ್ಯಾಕ್ ಸಾಯುತ್ತಾನೆ. ಬದುಕಿದ್ದಾಗ ಊರಿನವರು ಅವನನ್ನು ಗದರಿಸಿಕೊಂಡೇ ಇದ್ದರು. ಈಗ ಮಕ್ಕಳು ಕೋರಸ್ಸಿನಲ್ಲಿ ಅವನನ್ನು ಕರೆಯುತ್ತಾರೆ. ಅದು ಎರಡನೇ ಸ್ಥಾನಕ್ಕೆ ಹೋಯಿತು. ಮುದುಕನೊಬ್ಬನ ಸಾವಿನ ಹಾಡನ್ನು ಹದಿಹರೆಯದವರು ಮುಗಿಬಿದ್ದು ಕೊಂಡರು ಅನ್ನುವುದನ್ನು ಯೋಚಿಸಿ ನೋಡಿ.

ಆಗಸ್ಟಿನಲ್ಲಿ ಸ್ಮಾಲ್ ಫೇಸಸ್‌ನ ‘ಇಚಿಕೂ ಪಾರ್ಕ್’. ಅದರ ಡ್ರಮ್ ಭಾಗದಲ್ಲಿ ಇಡೀ ಹಾಡನ್ನೇ ಯಾರೋ ಸುರುಳಿ ಸುತ್ತಿದ ಹಾಗೆ ಒಂದು ಸದ್ದು ಬೀಸುತ್ತದೆ. ಫೇಸಿಂಗ್ ಅನ್ನುತ್ತಾರೆ. ಒಲಿಂಪಿಕ್ ಸ್ಟುಡಿಯೊದ ಜಾರ್ಜ್ ಕಿಯಾಂಟ್ಸ್ ಮಾಡಿದ್ದು. ಒಂದೇ ಮುದ್ರಣವನ್ನು ಎರಡು ಟೇಪ್ ಯಂತ್ರದಲ್ಲಿ ಒಟ್ಟಿಗೆ ಓಡಿಸಿ, ಒಂದರ ವೇಗವನ್ನು ಕೂದಲೆಳೆಯಷ್ಟು ಹಿಂದುಮುಂದು ಮಾಡಿದರೆ ಆ ಬೀಸು ಹುಟ್ಟುತ್ತದೆ. ಇದರ ಬೀಜ ಆಬಿ ರೋಡ್‌ನ ಕೆನ್ ಟೌನ್ಸೆಂಡ್ 1966ರಲ್ಲಿ ಮಾಡಿದ ಉಪಾಯದಲ್ಲಿದೆ. ಒಂದೇ ಸಾಲನ್ನು ಎರಡೆರಡು ಸಲ ಹಾಡಲು ಲೆನನ್‌ಗೆ ಬೇಜಾರಾಗುತ್ತಿತ್ತು ಅಂತ, ಒಂದೇ ದನಿಯನ್ನು ಎರಡು ಮಾಡಲು ಅವರು ಟೇಪಿನಲ್ಲೇ ದಾರಿ ಹುಡುಕಿದ್ದರು.

ಅದೇ ಆಗಸ್ಟ್ 14ರ ಮಧ್ಯರಾತ್ರಿ ಹೊಸ ಕಾನೂನು ಬಂತು. ಹಡಗುಗಳಿಂದ ಹಾಡು ಹಾಕುತ್ತಿದ್ದ ಪೈರೇಟ್ ರೇಡಿಯೊಗಳಿಗೆ ಬೀಗ. ಹದಿಹರೆಯದವರಿಗೆ ಹೊಸ ಹಾಡು ತಲುಪಿಸುತ್ತಿದ್ದುದು ಅವೇ. ಸೆಪ್ಟೆಂಬರ್ 30ರ ಬೆಳಿಗ್ಗೆ ಏಳಕ್ಕೆ ಬಿಬಿಸಿ ತನ್ನದೇ ರೇಡಿಯೊ 1 ಶುರು ಮಾಡಿತು. ಪೂರ್ತಿ ಹಾಕಿದ ಮೊದಲ ರೆಕಾರ್ಡ್ ದಿ ಮೂವ್ ಬ್ಯಾಂಡಿನ ‘ಫ್ಲವರ್ಸ್ ಇನ್ ದ ರೇನ್’. ಅದರ ಪ್ರಚಾರಕ್ಕೆ ಮ್ಯಾನೇಜರ್ ಪ್ರಧಾನಿ ಹೆರಾಲ್ಡ್ ವಿಲ್ಸನ್‌ರ ಅಸಭ್ಯ ವ್ಯಂಗ್ಯಚಿತ್ರದ ಪೋಸ್ಟ್‌ಕಾರ್ಡ್ ಹಂಚಿದ. ವಿಲ್ಸನ್ ಕೋರ್ಟಿಗೆ ಹೋಗಿ ಗೆದ್ದರು. ಹಾಡಿನ ರಾಯಲ್ಟಿ ಎಲ್ಲ ದತ್ತಿ ಸಂಸ್ಥೆಗಳಿಗೆ ಹೋಯಿತು. ಬರೆದ ರಾಯ್ ವುಡ್‌ಗೆ ಅದರಿಂದ ದಕ್ಕಿದ್ದು ಸೊನ್ನೆ. ಪೋಸ್ಟ್‌ಕಾರ್ಡಿಗೂ ಅವನಿಗೂ ಸಂಬಂಧವೇ ಇರಲಿಲ್ಲ.

ಒಂದು ದನಿ ಗೆದ್ದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ವರ್ಷದ ಕೊನೆಗೆ ಆರ್ ಅಂಡ್ ಬಿ, ಅಂದರೆ ಅಮೆರಿಕದ ರಿದಮ್ ಅಂಡ್ ಬ್ಲೂಸ್ ನುಡಿಸುತ್ತಿದ್ದ ಬ್ಯಾಂಡುಗಳಿಗೂ ಹೂವಿನ ಅಂಗಿ ಬಂತು. ರೋಲಿಂಗ್ ಸ್ಟೋನ್ಸ್ ಕೂಡ ಡಿಸೆಂಬರ್‌ನಲ್ಲಿ ಒಂದು ಸೈಕೆಡೆಲಿಕ್ ಆಲ್ಬಮ್ ಮಾಡಿದರು. ಕೆಲವು ಹಾಡು ಚೆನ್ನಾಗಿವೆ, ಆದರೆ ಆ ಅಂಗಿ ಅವರ ಮೈಗೆ ಕೂರಲಿಲ್ಲ. 1968ರ ಮೇನಲ್ಲಿ ‘ಜಂಪಿನ್ ಜ್ಯಾಕ್ ಫ್ಲ್ಯಾಶ್’ ಹಾಡಿ ಅವರು ಮನೆಗೆ ಮರಳಿದರು. ಅದಕ್ಕೂ ಮೊದಲೇ ಮಾರ್ಚ್‌ನಲ್ಲಿ ಬೀಟಲ್ಸ್ ‘ಲೇಡಿ ಮಡೋನ’ದ ಪಿಯಾನೊ ರಾಕ್ ಅಂಡ್ ರೋಲ್‌ಗೆ ಬಂದಿದ್ದರು. ಗಾಳಿ ತಿರುಗಿತ್ತು.

ಆದರೆ ಈ ಪಂಥದ ನನ್ನ ಅಚ್ಚುಮೆಚ್ಚಿನ ಆಲ್ಬಮ್ಮುಗಳು ಬಂದದ್ದು ಗಾಳಿ ತಿರುಗಿದ ಮೇಲೆಯೇ. ಮೇ 1968ರಲ್ಲಿ ಸ್ಮಾಲ್ ಫೇಸಸ್‌ನ ‘ಆಗ್ಡೆನ್ಸ್ ನಟ್ ಗಾನ್ ಫ್ಲೇಕ್’, ತಂಬಾಕಿನ ಡಬ್ಬಿಯ ಹಾಗೆ ದುಂಡಗಿನ ರಕ್ಷಾಕವಚ. ಅದರ ಎರಡನೇ ಬದಿಯಲ್ಲಿ ಕಾಣೆಯಾದ ಅರ್ಧ ಚಂದ್ರನನ್ನು ಹುಡುಕಿ ಹೊರಟವನ ಕಥೆ. ನವೆಂಬರ್‌ನಲ್ಲಿ ಕಿಂಕ್ಸ್‌ನ ಹಳ್ಳಿಯ ಹಸಿರುಗಾವಲಿನ ಆಲ್ಬಮ್. ಬೀಟಲ್ಸ್‌ನ ‘ವೈಟ್ ಆಲ್ಬಮ್’ ಬಂದ ದಿನವೇ ಬಂತು, ಪಟ್ಟಿಗೆ ಹತ್ತಲೇ ಇಲ್ಲ. ಡಿಸೆಂಬರ್‌ನಲ್ಲಿ ಪ್ರೆಟಿ ಥಿಂಗ್ಸ್‌ನ ‘ಎಸ್ಎಫ್ ಸಾರೋ’, ಒಬ್ಬ ಮನುಷ್ಯನ ಹುಟ್ಟಿನಿಂದ ಒಂಟಿ ಮುಪ್ಪಿನವರೆಗಿನ ಕಥೆ.

ಇವೆಲ್ಲಕ್ಕಿಂತ ಮೇಲೆ ನಾನು ಇಡುವುದು ಝಾಂಬೀಸ್‌ನ ‘ಒಡೆಸಿ ಅಂಡ್ ಆರಕಲ್’. 1967ರ ಜೂನ್‌ನಲ್ಲಿ ಅವರು ಆಬಿ ರೋಡ್‌ಗೆ ಬಂದಾಗ ಬೀಟಲ್ಸ್ ಆಗಷ್ಟೇ ‘ಪೆಪ್ಪರ್’ ಮುಗಿಸಿ ಹೋಗಿದ್ದರು. ಲೆನನ್‌ನ ಮೆಲೊಟ್ರಾನ್ ಅಲ್ಲೇ ಇತ್ತು. ರಾಡ್ ಆರ್ಜೆಂಟ್ ಅದನ್ನೇ ನುಡಿಸಿದ. ಕಂಪನಿ ಕೊಟ್ಟ ಹಣ 1000 ಪೌಂಡ್. ವಾದ್ಯವೃಂದಕ್ಕೆ ದುಡ್ಡಿಲ್ಲ, ಪಿಟೀಲುಗಳ ಕೆಲಸವನ್ನೂ ಮೆಲೊಟ್ರಾನ್ ಮಾಡಬೇಕು. ಹಾಗಾಗಿ ಮನೆಯಲ್ಲಿ, ಅಭ್ಯಾಸದ ಜಾಗದಲ್ಲಿ ಎಲ್ಲ ತಯಾರಿ ಮಾಡಿಕೊಂಡೇ ಬರುತ್ತಿದ್ದರು. ಮೋನೊ ಮಿಕ್ಸ್ (ಎಲ್ಲ ದನಿಯನ್ನೂ ಒಂದೇ ಸ್ಪೀಕರಿಗೆ ಕೂಡಿಸಿದ ರೂಪ) ಮುಗಿಯುವ ಹೊತ್ತಿಗೆ ದುಡ್ಡು ಖಾಲಿ. ಸ್ಟೀರಿಯೊ ಬೇಕೆಂದಾಗ ಹಾಡು ಬರೆದ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ತಮ್ಮ ಜೇಬಿನಿಂದಲೇ ಕೊಟ್ಟರು. ಮೊದಲ ಹಾಡು ‘ಕೇರ್ ಆಫ್ ಸೆಲ್ 44’. ರಾಗ ಕೇಳಿದರೆ ಬೆಳಗಿನ ಬಿಸಿಲು. ಸಾಹಿತ್ಯ ಜೈಲಿನಿಂದ ಬಿಡುಗಡೆಯಾಗಿ ಬರಲಿರುವ ಗೆಳತಿಗೆ ಬರೆದ ಕಾಗದ. ಇನ್ನೊಂದು ಹಾಡಿನಲ್ಲಿ 1914ರ ಯುದ್ಧಕ್ಕೆ ಹೋದ ಕಟುಕನೊಬ್ಬ ಹೆದರಿ ನಡುಗುತ್ತಾನೆ. ರಕ್ಷಾಕವಚ ಬರೆದ ಕಲಾವಿದ ‘ಒಡೆಸಿ’ಯ ಕಾಗುಣಿತ ತಪ್ಪು ಬರೆದ, ಅದೇ ಉಳಿಯಿತು.

ಆಲ್ಬಮ್ ಬಂದದ್ದು 1968ರ ಏಪ್ರಿಲ್‌ನಲ್ಲಿ. ಬ್ಯಾಂಡು ಅಷ್ಟರಲ್ಲಿ ಮುರಿದುಹೋಗಿತ್ತು. ಅಮೆರಿಕದ ಸಂಗೀತಗಾರ ಆಲ್ ಕೂಪರ್ ಅಲ್ಲಿನ ಕಂಪನಿಯ ಬೆನ್ನು ಹತ್ತಿ ಅದನ್ನು ಅಲ್ಲೂ ಬಿಡುಗಡೆ ಮಾಡಿಸಿದ. 1969ರಲ್ಲಿ ‘ಟೈಮ್ ಆಫ್ ದ ಸೀಸನ್’ ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಹಾಡಿದವರೇ ಇಲ್ಲ! ಅವರ ಹೆಸರು ಹೇಳಿಕೊಂಡು ಬೇರೆ ಬ್ಯಾಂಡುಗಳು ಅಮೆರಿಕದಲ್ಲಿ ಪ್ರವಾಸ ಮಾಡಿದವು.

ಮಾತು ಮುಗಿದ ಮೇಲೆ ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಯಾವ ರೂಪದಲ್ಲಿ ಕೇಳಿದರೆ ಒಳ್ಳೆಯದು? ನನ್ನ ಸಲಹೆ, ಸಿಕ್ಕರೆ ಮೋನೊ ಕೇಳಿ. ಆಗ ಹೆಚ್ಚಿನವರ ಮನೆಯಲ್ಲಿ ಇದ್ದದ್ದು ಮೋನೊ. ‘ಪೆಪ್ಪರ್’ನ ಮೋನೊ ಮಿಕ್ಸ್ ಮಾಡುವಾಗ ಬೀಟಲ್ಸ್ ಜತೆಗೆ ಕೂತಿದ್ದರು. ಸ್ಟೀರಿಯೊ ಮಿಕ್ಸನ್ನು ಎಂಜಿನಿಯರುಗಳು ಆಮೇಲೆ ಬೇಗ ಬೇಗ ಮುಗಿಸಿದರು. ‘ರೇನ್’ನಿಂದ ಶುರು ಮಾಡಿ, ‘ಸ್ಟ್ರಾಬೆರಿ ಫೀಲ್ಡ್ಸ್’, ‘ಸೀ ಎಮಿಲಿ ಪ್ಲೇ’, ‘ಇಚಿಕೂ ಪಾರ್ಕ್’ ಕೇಳಿ. ಆಮೇಲೆ ಝಾಂಬೀಸ್ ಆಲ್ಬಮ್ ಪೂರ್ತಿ.

ಇನ್ನೊಬ್ಬರ ಪ್ರಶ್ನೆ: ಟೇಪಿನಲ್ಲಿ ಹೀಗೆ ಕಟ್ಟಿದ್ದನ್ನು ಯಾವತ್ತಾದರೂ ವೇದಿಕೆಯಲ್ಲಿ ನುಡಿಸಿದ್ದಾರಾ? ಝಾಂಬೀಸ್ ನುಡಿಸಿದರು. ಗಿಟಾರ್ ನುಡಿಸುತ್ತಿದ್ದ ಪಾಲ್ ಅಟ್ಕಿನ್ಸನ್ 2004ರಲ್ಲಿ ತೀರಿಕೊಂಡಿದ್ದರು. ಉಳಿದ ನಾಲ್ವರು 2008ರ ಮಾರ್ಚ್‌ನಲ್ಲಿ ಲಂಡನ್ನಿನ ಶೆಪರ್ಡ್ಸ್ ಬುಷ್ ಎಂಪೈರ್‌ನಲ್ಲಿ ಸೇರಿ, ಇಡೀ ಆಲ್ಬಮ್ಮನ್ನು ಮೊದಲ ಸಲ ಜನರ ಮುಂದೆ ನುಡಿಸಿದರು. ಐದು ಜನ ಹುಡುಗರು ಟೇಪಿನ ಮೇಲೆ ಟೇಪು ಪೇರಿಸಿ ಮಾಡಿದ್ದನ್ನು ಒಮ್ಮೆಗೇ ನುಡಿಸಲು ಅವರಿಗೆ ಹೆಚ್ಚುವರಿ ವಾದ್ಯಗಾರರು, ಹಾಡುಗಾರರು ಬೇಕಾದರು.